ಹತ್ತುವ ಮೊದಲೇ ಸುಸ್ತಾದವರು

ನಾನು ಒಂದು ಟ್ರೆಡ್‌ಮಿಲ್. ಪುಣೆಯ ಹೊರಗಿನ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಜಿಮ್ಮಿಗೆ ಹೋದ ನನ್ನ ಒಡಹುಟ್ಟಿದವರ ಮೇಲೆ ಜನ ಹಾಡು ಕೇಳುತ್ತ ಓಡುತ್ತಾರಂತೆ. ನನ್ನ ಹಣೆಬರಹ ಬೇರೆ. ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ದುಡಿದು, ಹಳತಾದ ಮೇಲೆ ಹಾವೇರಿಯ ಸಣ್ಣ ನರ್ಸಿಂಗ್ ಹೋಮಿಗೆ ಬಂದೆ. ಎರಡೂ ಕಡೆ ಕೆಲಸ ಒಂದೇ: ಎದೆಗೆ ವೈರು ಅಂಟಿಸಿಕೊಂಡವರನ್ನು ನಡೆಸುವುದು. ಅವರ ಹೃದಯ ಎಷ್ಟು ತಾಳುತ್ತದೆಂದು ಡಾಕ್ಟರು ನೋಡುತ್ತಾರೆ.

ಇಷ್ಟಕ್ಕೇ ಜನ ನನ್ನನ್ನು ಯಮನ ಕೋಣದ ಹಾಗೆ ನೋಡುತ್ತಾರೆ! ನಾನೇನು ಕಚ್ಚುತ್ತೇನೆಯೇ? ಒಬ್ಬರು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ, ಇನ್ನೊಬ್ಬರು ಬೆವರುತ್ತ ಬಂಧುಬಳಗಕ್ಕೆಲ್ಲ ಫೋನು ಹಚ್ಚುತ್ತಾರೆ. ನನಗಂತೂ ಸಾಕುಸಾಕಾಗಿದೆ.

ಎಲ್ಲರಿಗಿಂತ ಹೆಚ್ಚು ನನ್ನ ತಲೆ ತಿಂದವರು ಬ್ಯಾಡಗಿಯ ಮೆಣಸಿನಕಾಯಿ ದಲಾಲ ಬಸೆಟ್ಟೆಪ್ಪನವರು. ಮೆಟ್ಟಿಲು ಹತ್ತಿದರೆ ಅವರಿಗೆ ಎದೆ ಹಿಡಿಯುತ್ತಿತ್ತು. ಒಮ್ಮೆ ಬಂದು, ಅಮಾವಾಸ್ಯೆ ಎಂದು ವಾಪಸಾದರು. ಇನ್ನೊಮ್ಮೆ ಶೌಚಕ್ಕೆಂದು ಹೋದವರು ಬಸ್ಸೇ ಹತ್ತಿಬಿಟ್ಟರು. ಮೂರನೆಯ ಸಲ ಹೆಂಡತಿ ನೀಲಗಂಗವ್ವ ಕೈಹಿಡಿದು ಎಳೆದುಕೊಂಡು ಬಂದರು.

ಟೆಕ್ನೀಷಿಯನ್ ಶಬಾನಾ ವೈರು ಹಿಡಿದು ನಿಂತರೆ ಇವರು ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಅಂಗೈಯಿಂದ ಮುಚ್ಚಿಕೊಂಡರು.

"ಲಿಂಗ ತೆಗ್ಯಾಂಗಿಲ್ರಿ. ಟೆಸ್ಟ್ ಬ್ಯಾಡ ಬಿಡ್ರಿ."

"ತೆಗೀರಿ ಅಂದೋರ್ ಯಾರು? ತೋಳಿಗೆ ಕಟಗೋರಿ, ಮೈಮ್ಯಾಲೇ ಇರತೈತಲ್ಲ" ಎಂದು ನೀಲಗಂಗವ್ವ ತಾವೇ ಕಟ್ಟಿದರು.

ನೆಪ ಮುಗಿಯಿತು, ಹೆದರಿಕೆ ಮುಗಿಯಲಿಲ್ಲ. "ಇದರ ಮ್ಯಾಲೇ ಜೀವ ಹೋದ್ರ?" ಎಂದರು ಬಸೆಟ್ಟೆಪ್ಪನವರು.

"ಪ್ಯಾಟ್ಯಾಗ ಊರಿಗೆಲ್ಲಾ ಕೇಳೂವಂಗ ಮೆಣಸಿನಕಾಯಿ ಸವಾಲ್ ಕೂಗ್ತೀರಿ, ಇಲ್ಲಿ ಇಲಿ ಆಗೀರಿ! ಸರೀರಿ ಅತ್ತಾಗ, ನಾನೇ ನಡದು ತೋರಸ್ತೀನಿ."

ಶಬಾನಾ ಬೇಡವೆಂದರೂ ಕೇಳದೆ ನೀಲಗಂಗವ್ವ ಸೆರಗು ಸಿಕ್ಕಿಸಿ ಹತ್ತಿಯೇಬಿಟ್ಟರು. ಬೇರೆ ದಾರಿ ಕಾಣದೆ ಅವಳು ನನ್ನನ್ನು ತೀರ ನಿಧಾನವಾಗಿ ಓಡಿಸಿದಳು.

ಆ ಹೆಜ್ಜೆಗಳು ಸರಿಯಿಲ್ಲವೆಂದು ಮೊದಲು ಅರಿತವನು ನಾನೇ. ಸ್ವಲ್ಪ ಹೊತ್ತಿನಲ್ಲೇ ಅವರು ಕಂಬಿ ಹಿಡಿದು ಎದೆ ಒತ್ತಿಕೊಂಡರು. "ಏನಿಲ್ಲ, ಗ್ಯಾಸ್... ಭಾಳ ದಿನದಿಂದ ಬರತೈತಿ, ಹೋಗತೈತಿ." ಶಬಾನಾ ತಟ್ಟನೆ ನನ್ನನ್ನು ನಿಲ್ಲಿಸಿ ಡಾಕ್ಟರನ್ನು ಕೂಗಿದಳು.

ಬಸೆಟ್ಟೆಪ್ಪನವರು ಓಡಿಬಂದು ಹೆಂಡತಿಯನ್ನು ಹಿಡಿದುಕೊಂಡರು. "ನನಗ್ಯಾಕ ಹೇಳ್ಲಿಲ್ಲ ನೀ?"

"ನೀವು ನಿಮ್ಮ ಎದಿ ಹಿಡಕೊಂಡು ಕುಂತಿದ್ರಿ. ಇಬ್ಬರೂ ಹೆದರಿದ್ರ ಮನಿ ನಡಿಯೂದು ಹ್ಯಾಂಗ?"

ನೀಲಗಂಗವ್ವನವರನ್ನು ಆಗಲೇ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹೃದಯದ ನಾಳ ಕಟ್ಟಿತ್ತಂತೆ. ಸಕಾಲಕ್ಕೆ ಹೋದದ್ದರಿಂದ ಉಳಿದರು. ಮುಂದೆ ಒಂದು ದಿನ ಬಸೆಟ್ಟೆಪ್ಪನವರು ಯಾರೂ ಎಳೆಯದೆ ಬಂದು, ಅಂಗಿ ಬಿಚ್ಚಿ ನನ್ನ ಮೇಲೆ ನಿಂತರು. "ಲಗೂ ಮುಗಸವಾ, ಮನ್ಯಾಗ ಆಕಿಗೆ ಗುಳಿಗಿ ಕೊಡೂ ಹೊತ್ತಾತು" ಎಂದರು. ನನ್ನ ಕಂಬಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದೇ ಇದ್ದರು. ಆದರೂ ಕೊನೆಯವರೆಗೆ ನಡೆದರು.

ಈಗ ನನ್ನ ಪಟ್ಟಿ ಸವೆದಿದೆ. ಅದೇ ಕೋಣೆಯ ಮೂಲೆಗೆ ತಳ್ಳಿದ್ದಾರೆ. ನನ್ನ ಕಂಬಿಯ ಮೇಲೆ ಟವೆಲ್ಲು ಒಣಗುತ್ತದೆ. ಹೊಸ ಯಂತ್ರದ ಮುಂದೆಯೂ ಜನ ಹಾಗೆಯೇ ಬೆವರುತ್ತಾರೆ, ಹಾಗೆಯೇ ನೆಪ ಹುಡುಕುತ್ತಾರೆ. ನನಗೆ ಈಗಲೂ ಸಿಟ್ಟು ಬರುತ್ತದೆ. ಆದರೆ ಬೈಯುವ ಮೊದಲು, ಅವರಿಗೆ ಧೈರ್ಯ ಹೇಳುತ್ತ ಪಕ್ಕದಲ್ಲಿ ನಿಂತವರ ಮುಖವನ್ನು ಒಮ್ಮೆ ನೋಡುತ್ತೇನೆ.