ಬಿಳಿ ಬಳಿದ ಶೀಟು

ಸಿಮೆಂಟ್ ಶೀಟಿನ ಕಾಲ ಮುಗಿಯಿತು ಎಂದು ನಯನಾ ಆರು ತಿಂಗಳಿಂದ ಅಪ್ಪನ ತಲೆ ತಿನ್ನುತ್ತಿದ್ದಳು. ಮಾಕಳಿಯಲ್ಲಿ ನಾಗಭೂಷಣನದು ಚಾವಣಿ ಶೀಟಿನ ಅಂಗಡಿ, ಅವನ ಅಪ್ಪ ಚಿಕ್ಕಬೈರಪ್ಪ ಇಟ್ಟಿದ್ದು. ಬಿ.ಕಾಂ. ಮುಗಿಸಿ ಅಂಗಡಿಗೆ ಬಂದ ಮಗಳು ಗಲ್ಲಾದ ಹಿಂದೆ ಸುಮ್ಮನೆ ಕೂರುವ ಜಾತಿಯವಳಲ್ಲ. ಯಲಹಂಕದಿಂದ ನೆಲಮಂಗಲದವರೆಗೆ ಸ್ಕೂಟರಿನಲ್ಲಿ ಸುತ್ತಿ, ಯಾರು ಯಾವ ಶೀಟು ಹೊದಿಸುತ್ತಿದ್ದಾರೆ ಎಂದು ಬರೆದುಕೊಂಡು ಬಂದು, ಲ್ಯಾಪ್‌ಟಾಪಿನಲ್ಲಿ ಗೆರೆ ಎಳೆದು ತೋರಿಸಿದಳು. ಸಿಮೆಂಟ್ ಶೀಟಿನ ಗೆರೆ ಇಳಿಯುತ್ತಿತ್ತು. ಟೆರೇಸಿಗೆ ಹಾಕುವ ಕಲರ್ ಶೀಟಿನದು ಏರುತ್ತಿತ್ತು. ಗೋದಾಮಿನವರು ಈಗ ಬಿಸಿಲು ತಡೆಯುವ ದಪ್ಪ ಪ್ಯಾನೆಲ್ ಬಿಟ್ಟು ಬೇರೆ ಮಾತೇ ಆಡುತ್ತಿರಲಿಲ್ಲ.

ಎಲ್ಲಕ್ಕಿಂತ ಜೋರಾಗಿ ಏರಿದ್ದು ಬಿಳಿ ಪೇಂಟಿನ ಗೆರೆ. ಸೆಕೆ ತಾಳಲಾರದವರು ಹಳೆಯ ಶೀಟಿನ ಮೇಲೆ ಅದನ್ನು ಬಳಿಸಿಕೊಳ್ಳುತ್ತಿದ್ದರು. ಹೊಸ ಚಾವಣಿಗೆ ಹತ್ತು ಸಲ ಯೋಚಿಸುವವರೂ ಪೇಂಟಿಗೆ ನಿಂತಲ್ಲೇ ಹೂಂ ಅನ್ನುತ್ತಿದ್ದರು. ನಾಗಭೂಷಣನ ಆಳುಗಳು ಹೋದ ಬೇಸಿಗೆಯೆಲ್ಲ ಬಳಿದದ್ದೇ ಬಳಿದದ್ದು.

ಸೋಲದೇವನಹಳ್ಳಿಯ ಬಾಲರಾಜುವಿನ ಶೆಡ್ಡಿಗೂ ಅವರೇ ಬಳಿದಿದ್ದರು. ಬಾಲರಾಜು ತಾತನ ಕಾಲದ ರಾಗಿ ಹೊಲದಲ್ಲಿ ಶೆಡ್ ಎಬ್ಬಿಸಿ ರಟ್ಟಿನ ಡಬ್ಬಿ ಮಾಡುತ್ತಿದ್ದವನು. ಈ ಸಲ ಸಿಮೆಂಟ್ ಶೀಟೆಲ್ಲ ಕಿತ್ತು ಪ್ಯಾನೆಲ್ ಹಾಕಿಬಿಡಿ ಎಂದಿದ್ದ. ಅಪ್ಪ ಮಗಳು ಅಳತೆಗೆ ಬಂದದ್ದು ಮೇ ತಿಂಗಳ ಕೊನೆಯ ವಾರ. ಕೆಳಗಿನಿಂದ ಅಳೆದರೆ ಸಾಕು ಎಂದು ಹೇಳಿ ನಾಗಭೂಷಣ ಬಾಲರಾಜುವಿನ ಜೊತೆ ಟೀ ಕುಡಿಯುತ್ತ ಕೂತ. ಅವಳು ಕೇಳುತ್ತಾಳೆಯೇ? ಫೋಟೋ ಬೇಕೆಂದು ಪಕ್ಕದ ಗೋಡೆಗೆ ಏಣಿ ಇಟ್ಟು ಹತ್ತಿದ್ದಳು.

ಚಟ್ ಎಂಬ ಸದ್ದು ಕೇಳಿತು. ಇಪ್ಪತ್ತು ವರ್ಷ ಶೀಟಿನ ಮೇಲೆ ಓಡಾಡಿದ ನಾಗಭೂಷಣನಿಗೆ ಆ ಸದ್ದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಲೋಟ ಎಲ್ಲಿ ಬಿತ್ತೋ, ಏಣಿ ಹೇಗೆ ಹತ್ತಿದನೋ ಅವನಿಗೇ ಗೊತ್ತಿಲ್ಲ.

ಚಾವಣಿಯ ನಟ್ಟನಡುವೆ ನಯನಾ ಮೊಣಕಾಲೂರಿ ಕೂತಿದ್ದಳು. ಪಕ್ಕದಲ್ಲಿ ಕಪ್ಪಗೆ ಒಂದು ತೂತು. ಕಾಲು ಒಳಗೆ ಹೋಗಿ ಹೇಗೋ ಎಳೆದುಕೊಂಡಿದ್ದಳು. ಪ್ಯಾಂಟು ಹರಿದು ರಕ್ತ ಬರುತ್ತಿತ್ತು. ತೂತಿನಿಂದ ಹೊರಟ ಬಿರುಕು ಒಂದು ಮಾರು ಉದ್ದ ಹರಿದಿತ್ತು. ಕೆಳಗೆ ಇಪ್ಪತ್ತು ಅಡಿ ಆಳದಲ್ಲಿ ರಟ್ಟು ಕತ್ತರಿಸುವ ಯಂತ್ರ ಓಡುತ್ತಿತ್ತು.

ಸಿಮೆಂಟ್ ಶೀಟಿನ ಮೇಲೆ ಓಡಾಡುವುದಕ್ಕೆ ಒಂದೇ ಕಟ್ಟಳೆ. ಬೋಲ್ಟಿನ ಸಾಲಿನ ಮೇಲೆ ಮಾತ್ರ ಕಾಲಿಡಬೇಕು, ಯಾಕೆಂದರೆ ಅದರಡಿಯಲ್ಲಿ ಶೀಟಿನ ಭಾರ ಹೊರುವ ಕಬ್ಬಿಣದ ಆ್ಯಂಗಲ್ ಇರುತ್ತದೆ. ನಡುವೆ ಇಟ್ಟರೆ ಶೀಟು ಒಡೆಯುತ್ತದೆ. ಬೆಳಕಿಗೆಂದು ಅಲ್ಲಲ್ಲಿ ಹಾಕಿದ ಪ್ಲಾಸ್ಟಿಕ್ ಶೀಟನ್ನಂತೂ ಮುಟ್ಟಲೇಕೂಡದು. ಇದನ್ನು ಮಗಳಿಗೆ ಎಂಟನೇ ವಯಸ್ಸಿನಲ್ಲೇ ಅವನು ಕಲಿಸಿದ್ದ.

"ಅಪ್ಪಾ, ಬೋಲ್ಟ್ ಕಾಣ್ತಿಲ್ಲ," ಎಂದಳು ನಯನಾ.

ಕಾಣುವುದಾದರೂ ಎಲ್ಲಿಂದ? ಬೋಲ್ಟು, ಶೀಟು, ಪ್ಲಾಸ್ಟಿಕ್ಕು ಎಲ್ಲದರ ಮೇಲೂ ಮೂರು ಕೋಟು ಬಿಳಿ. ಒಂದು ಚೂರೂ ಬಿಡಬೇಡಿ ಎಂದು ಆಳುಗಳಿಗೆ ತಾನೇ ನಿಂತು ಹೇಳಿದ್ದ. ಥೂ ನನ್ನ ಜನ್ಮಕ್ಕೆ ಎಂದುಕೊಂಡ ನಾಗಭೂಷಣ. ತಾನು ಹೋಗಿ ಕರೆತರೋಣವೆಂದರೆ ಆ ಬಿರುಕು ಇನ್ನೊಂದು ಆಳಿನ ಭಾರ ತಡೆಯುವಂತಿರಲಿಲ್ಲ. ಅಗ್ನಿಶಾಮಕದವರಿಗೆ ಬಾಲರಾಜು ಫೋನ್ ಮಾಡಿದ. ಬರಲು ಅರ್ಧ ಗಂಟೆಯಾದರೂ ಬೇಕಂತೆ. ಅಷ್ಟರಲ್ಲಿ ಹೆಸರಘಟ್ಟದ ಕಡೆಯಿಂದ ಮೋಡ ಎದ್ದು ಗಾಳಿ ಬೀಸತೊಡಗಿತ್ತು.

ಆ್ಯಂಗಲ್ ಮೇಲಿನಿಂದ ಕಾಣದಿದ್ದರೂ ಒಳಗಿನಿಂದ ಕಾಣುತ್ತದಲ್ಲ! ಹೊಳೆದದ್ದೇ ತಡ, ನಾಗಭೂಷಣ ಇಳಿದು ಶೆಡ್ಡಿನೊಳಗೆ ಓಡಿದ. ಯಂತ್ರ ನಿಲ್ಲಿಸಿ ಎಂದ. ಜೇಡರಬಲೆ ಹೊಡೆಯುವ ಉದ್ದನೆಯ ಗಳ ಮೂಲೆಯಲ್ಲಿತ್ತು, ಕಿತ್ತುಕೊಂಡ. ಕೆಲಸದ ಹೆಂಗಸರ ಮೇಸ್ತ್ರಿ ಮುನಿಯಲ್ಲಮ್ಮ ಯಾರೂ ಹೇಳದೆಯೇ ರಟ್ಟಿನ ಕಟ್ಟುಗಳನ್ನು ಎಳೆಸಿ ತೂತಿನ ಕೆಳಗೆ ಒಟ್ಟಿಸುತ್ತಿದ್ದಳು.

ಅವನು ಮಗಳಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ ಅಂಗಿಯ ಜೇಬಿಗಿಳಿಸಿದ. "ಒಳಗಿಂದ ಗಳದಲ್ಲಿ ತಟ್ತೀನಿ. ತಟ್ಟಿದ ಕಡೆ ಮಾತ್ರ ಕಾಲಿಡು. ತಟ್ಟದೆ ಒಂದು ಹೆಜ್ಜೆನೂ ಬೇಡ ಕಣಮ್ಮ."

ಟಕ್ ಟಕ್ ಎಂದು ಆ್ಯಂಗಲಿಗೆ ಬಡಿದ. ಮೇಲೆ ತಡಕಾಡುವ ಸದ್ದಾಯಿತು. ಸಿಕ್ಕಿತು ಎಂದಳು. ಒಂದು ಹೆಜ್ಜೆ. ಶೀಟು ನರಳಿತು, ಒಡೆಯಲಿಲ್ಲ. ಇನ್ನೊಂದು ಅಡಿ ಮುಂದೆ ಬಡಿದ. ಇನ್ನೊಂದು ಹೆಜ್ಜೆ. ಒಂದೇ ಆ್ಯಂಗಲ್ ಏಣಿಯಿದ್ದ ಗೋಡೆಯವರೆಗೂ ನೇರ ಹೋಗಿತ್ತು. ತಲೆಯೆತ್ತಿ ಎತ್ತಿ ಅವನ ಕುತ್ತಿಗೆ ಹಿಡಿಯಿತು, ಕಣ್ಣಿಗೆ ಧೂಳು ಬಿತ್ತು. ಒರೆಸಿಕೊಳ್ಳಲು ಕೈ ಬಿಡುವ ಧೈರ್ಯವಾಗಲಿಲ್ಲ.

ಎಂಟು ಹೆಜ್ಜೆಯಾದ ಮೇಲೆ ಅವನ ಗಳ ನಿಂತಿತು. ಮುಂದಿನದು ಪ್ಲಾಸ್ಟಿಕ್ ಶೀಟು. ಬಿಳಿಯ ಅಡಿಯಿಂದ ಮಬ್ಬುಮಬ್ಬಾಗಿ ಬೆಳಕು ಇಳಿಯುತ್ತಿತ್ತು, ಅದರ ಮೇಲೆ ಮಗಳ ಅಂಗೈಯ ನೆರಳು ಚಾಚುತ್ತಿತ್ತು.

"ಕೈ ತೆಗಿ," ಎಂದ. ನೆರಳು ಸರಿಯಿತು. ಅವನು ಪ್ಲಾಸ್ಟಿಕ್ಕಿನ ಈ ಅಂಚಿನಲ್ಲಿ ಎರಡು ಸಲ ಬಡಿದ, ಆ ಅಂಚಿನಲ್ಲಿ ಎರಡು ಸಲ ಬಡಿದ. ಇಲ್ಲಿಂದ ಅಲ್ಲಿಗೆ ಒಂದೇ ದಾಪುಗಾಲು, ನಡುವೆ ಏನೂ ಇಲ್ಲ ಅಂದುಕೋ ಎಂದು ಹೇಳಿದ.

ಗಾಳಿಗೆ ಶೀಟುಗಳು ಕಟಕಟ ಎನ್ನುತ್ತಿದ್ದವು. ಮುನಿಯಲ್ಲಮ್ಮ ಸೆರಗು ಬಾಯಿಗೊತ್ತಿ ನಿಂತುಬಿಟ್ಟಿದ್ದಳು. "ಅಪ್ಪಾ, ಇನ್ನೊಂದ್ಸಲ ತಟ್ಟು," ಎಂದಿತು ಫೋನು. ತಟ್ಟಿದ. ಮಬ್ಬು ಬೆಳಕಿನ ಮೇಲೆ ನೆರಳೊಂದು ಹಾದುಹೋಯಿತು. ಧಡ್ ಎಂದು ಆಚೆ ಅಂಚಿನಲ್ಲಿ ಆ್ಯಂಗಲ್ ಅದುರಿತು, ಆ ಅದುರು ಗಳದ ಉದ್ದಕ್ಕೂ ಇಳಿದು ಅವನ ಕೈಗೆ ತಟ್ಟಿತು.

ಉಳಿದದ್ದು ಆರು ಹೆಜ್ಜೆ.

ಏಣಿಯಿಂದ ಇಳಿದವಳನ್ನು ಕಂಡು ನಾಗಭೂಷಣ ಹೊಡೆಯಲೆಂದೇ ಕೈಯೆತ್ತಿದ. ಆ ಕೈ ಅವಳ ತಲೆಯ ಮೇಲೆ ಕೂತು ಅಲ್ಲೇ ಉಳಿಯಿತು. ಬಾಲರಾಜು ನೀರು ತಂದುಕೊಟ್ಟ. ಮಳೆ ಹಿಡಿಯುವುದರೊಳಗೆ ಪ್ಯಾನೆಲ್ ಹಾಕಿಬಿಡೋಣ ನಾಗಣ್ಣ, ದರ ನೀನು ಹೇಳಿದ್ದೇ ಸರಿ ಎಂದು ಸಮಾಧಾನ ಮಾಡತೊಡಗಿದ.

ನಯನಾ ನೀರು ಕುಡಿಯಲಿಲ್ಲ. ಲೋಟ ಕೆಳಗಿಟ್ಟು ಚಾವಣಿಯತ್ತ ನೋಡಿದಳು.

"ಅಪ್ಪಾ, ಹೀಗೆ ಒಟ್ಟು ಎಷ್ಟು ಶೆಡ್ಡಿಗೆ ಬಳಿದಿದೀವಿ?"

ಅರವತ್ತೆರಡು. ಪೀಣ್ಯದಲ್ಲಿ, ಯಶವಂತಪುರದಲ್ಲಿ, ಬ್ಯಾಟರಾಯನಪುರದಲ್ಲಿ. ಮಳೆಗಾಲ ಬಾಗಿಲಿಗೆ ಬಂದಿದೆ. ಚಾವಣಿಯ ನೀರು ಹರಿಯುವ ದೋಣಿಯಲ್ಲಿ ಕಟ್ಟಿಕೊಂಡ ಕಸ ತೆಗೆಯಲು ಈ ವಾರವೇ ಎಲ್ಲರೂ ಮೇಲೆ ಆಳು ಹತ್ತಿಸುವುದು. ತನ್ನ ಕೆಲಸದಲ್ಲಿ ಕುಂದಿದೆ ಎಂದು ಅವನು ಈವರೆಗೆ ಒಬ್ಬ ಗಿರಾಕಿಗೂ ಹೇಳಿದವನಲ್ಲ. ರಟ್ಟಿನ ಕಟ್ಟಿನ ಮೇಲೆ ಕೂತು ಫೋನು ತೆಗೆದ.

ಮೊದಲನೆಯವನು ಆಗಲಿ ಎಂದ. ಎರಡನೆಯವನು ಎತ್ತಲಿಲ್ಲ. ಮೂರನೆಯವನು ಬೈದ. ನಾಲ್ಕನೆಯವನು ಯಶವಂತಪುರದ ಗೋದಾಮಿನ ಆನಂದಪ್ಪ.

"ಆನಂದಪ್ಪನೋರೆ, ನಾನು ಬರೋವರೆಗೂ ನಿಮ್ಮ ಶೀಟಿನ ಮೇಲೆ ಯಾರನ್ನೂ ಹತ್ತಿಸ್ಬೇಡಿ. ಪೇಂಟಲ್ಲಿ ಬೋಲ್ಟೆಲ್ಲ ಮುಚ್ಚೋಗಿದೆ, ತಪ್ಪು ನಂದು."

ಆ ಕಡೆ ಕುರ್ಚಿ ಸರಿದ ಸದ್ದು, ಓಡುವ ಚಪ್ಪಲಿಯ ಸದ್ದು, ಆಮೇಲೆ ಫೋನಿನಿಂದ ದೂರದಲ್ಲಿ ಆನಂದಪ್ಪ ಯಾರಿಗೋ ಕೂಗಿ ಹೇಳುತ್ತಿದ್ದುದು ಕೇಳಿಸಿತು. "ಅಲ್ಲೇ ನಿಂತ್ಕೊಳೋ. ಅಲ್ಲಾಡ್ಬೇಡ."