ತಂಬೂರಿ ಹೊತ್ತ ಪಟ್ಟಿ

ನಾನು ಒಂದು ಉಕ್ಕಿನ ಪಟ್ಟಿ. ಕುಲುಮೆಯಲ್ಲಿ ಕೆಂಪಗೆ ಕಾದು, ಬಿಲ್ಲಿನಂತೆ ಬಾಗಿ, ಎಣ್ಣೆಯಲ್ಲಿ ಮುಳುಗಿ ಗಟ್ಟಿಯಾದೆ. ನನ್ನ ಕೆಳಗೆ ನನಗಿಂತ ಗಿಡ್ಡನೆಯ ತಮ್ಮಂದಿರನ್ನು ಜೋಡಿಸಿ, ಬಿಗಿದು, ಬಿಳಿ ಅಂಬಾಸಿಡರ್ ಕಾರೊಂದರ ಹಿಂದಿನ ಚಕ್ರದ ಬಳಿ ಕಟ್ಟಿದರು. ಆಚೆ ಬದಿಗೂ ಇಂಥದೇ ಒಂದು ಕಟ್ಟು. ಚಕ್ರ ತಗ್ಗಿಗೆ ಬಿದ್ದಾಗ ನಾನು ಬಾಗಬೇಕು, ಮೇಲೆ ಕುಳಿತವರಿಗೆ ಗೊತ್ತಾಗಬಾರದು. ನನ್ನ ಕಸುಬು ಅಷ್ಟೇ.

ಮೊದಲ ಯಜಮಾನರು ಗದಗಿನ ಹತ್ತಿ ವ್ಯಾಪಾರಿ ಚನವೀರಪ್ಪನವರು. ಅವರು ಸೀಟಿನಲ್ಲಿ ಕೂತರೆ ನನಗೆ ಚೆನ್ನಾಗಿ ತಿಳಿಯುತ್ತಿತ್ತು. ಊಟ ಬಲ್ಲ ಮನುಷ್ಯ. ಆಮೇಲೆ ಕಾರು ಫಕೀರಪ್ಪನ ಕೈಗೆ ಬಂದು ಬಾಡಿಗೆಗೆ ಓಡತೊಡಗಿತು. ಸಂತೆಯ ದಿನ ಡಿಕ್ಕಿಯಲ್ಲೂ ಜನ. ತಾಳಲಿ ಎಂದು ಅವನು ನಮ್ಮ ಕೆಳಗೆ ಇನ್ನೆರಡು ದಪ್ಪ ಪಟ್ಟಿ ಸೇರಿಸಿದ. ಕಾರಿನ ಹಿಂಭಾಗ ಹುಂಜದ ಬಾಲದಂತೆ ಎದ್ದು ನಿಂತಿತು. ನಾನು ಬಾಗುವುದನ್ನೇ ಮರೆತೆ.

ಮೂರನೆಯವರು ಗಾಯಕಿ ಮಂದಾಕಿನಿ. ಬಸ್ಸಿನಲ್ಲಿ ತಂಬೂರಿಗೆ ಜಾಗ ಸಿಗದೆ ಬೇಸತ್ತು, ಡ್ರೈವಿಂಗ್ ಕಲಿತು, ಈ ಹಳೆಯ ಕಾರು ಕೊಂಡರು. ಮೊದಲ ಪ್ರಯಾಣದಲ್ಲೇ ಅವರ ತಂಬೂರಿಯ ಸೋರೆ ಬುರುಡೆ ಸೀಳಿಹೋಯಿತು. ಕಾರಿನಲ್ಲಿ ಅವರೊಬ್ಬರೇ ಇದ್ದರು. ಅಷ್ಟು ಹಗುರ ಭಾರಕ್ಕೆ ನಾವು ಕದಲಲಿಲ್ಲ. ರಸ್ತೆಯ ಹೊಡೆತವೆಲ್ಲ ಬುರುಡೆಗೇ ತಗುಲಿತು. ಉಳಿದದ್ದು ಒಂದೇ, ತೀರಿಹೋದ ಗುರುಗಳ ತಂಬೂರಿ. ವಿಜಯಪುರದಲ್ಲಿ ಅವರ ಪುಣ್ಯತಿಥಿಗೆ ಅದನ್ನೇ ನುಡಿಸಬೇಕಿತ್ತು.

ಸ್ಪ್ರಿಂಗ್ ಕೆಲಸದ ದಾವಲಸಾಬ ಬಗ್ಗಿ ನೋಡಿ, ಇನ್ನೊಂದು ಪಟ್ಟಿ ಹಾಕಿದರೆ ಗಾಡಿ ಗಟ್ಟಿಯಾಗುತ್ತದೆ ಎಂದ. ಮಂದಾಕಿನಿ ಅಂಗಡಿಯಲ್ಲಿದ್ದವರನ್ನೆಲ್ಲ ಕಾರಿಗೆ ಹತ್ತಿಸಿ, ತಾವು ಹಿಂದೆ ಕೂತು, ಅವನಿಂದಲೇ ಓಡಿಸಿದರು. ಕುಲುಕು ಕಡಿಮೆ. ಎಲ್ಲರನ್ನೂ ಇಳಿಸಿ ಮತ್ತೆ ಓಡಿಸಿದರು. ಬೆನ್ನು ಮುರಿಯುವ ಹೊಡೆತ.

“ಆಮ್ಯಾಲ ಸೇರಿಸಿದ ದಪ್ಪ ಪಟ್ಟಿ ತಗದಬಿಡ್ರಿ,” ಎಂದರು.

“ಅಕ್ಕಾರ, ಗಾಡಿ ಹಿಂದ ಕುಂತಂಗ ಕಾಣ್ತೈತಿ. ಮಂದಿ ನಗತಾರ್ರಿ.”

“ನಗಲಿ. ಬುರುಡಿ ಉಳೀಬೇಕು.”

“ಬೀಗರು ಬಂದ್ರ? ಎಲ್ಲಾರೂ ಕುಂತ್ರ ನೆಲಕ್ಕ ತಾಗತೈತಿ.”

“ಅವರು ಬಸ್ಸಿಗೆ ಬರತಾರ.”

ದಪ್ಪ ಪಟ್ಟಿಗಳು ಕಮ್ಮಾರನ ಪಾಲಾಗಿ ಕುಡುಗೋಲಾದವು. ನನ್ನನ್ನು ದಾವಲಸಾಬ ಕಾಯಿಸಿ, ಬಡಿದು, ಹಳೆಯ ಬಾಗು ಮರಳಿ ಕೊಟ್ಟ.

ಗುರುಗಳ ತಂಬೂರಿ ಕೌದಿ ಹೊದ್ದು ಹಿಂದಿನ ಸೀಟಿನಲ್ಲಿ ಮಲಗಿತು. ಎರಡೂ ಕಡೆ ಎರೆಹೊಲ, ನಡುವೆ ಬಯಲಿಗೆ ಬಿಚ್ಚಿಕೊಂಡ ರಸ್ತೆ. ಮಂದಾಕಿನಿ ಅಂಜದೆ ಓಡಿಸಿದರು. ಒಂದೊಂದು ತಗ್ಗನ್ನೂ ನಾನು ನುಂಗಿದೆ. ಕೊಲ್ಹಾರದ ಸೇತುವೆಯ ಮೇಲೆ ಚಕ್ರಗಳು ಟಕಟಕ ಎಂದವು. ಸೀಟಿನ ಮೇಲೆ ಸದ್ದಿಲ್ಲ.

ವಿಜಯಪುರದಲ್ಲಿ ಕೌದಿ ಸರಿಸಿ ಬುರುಡೆಯ ಸುತ್ತ ಬೆರಳಾಡಿಸಿದರು. ಎಲ್ಲೂ ಬಿರುಕಿರಲಿಲ್ಲ. ತಂಬೂರಿಯನ್ನು ಎತ್ತಿಕೊಂಡು ಒಳಗೆ ಹೋದರು. ಆಮೇಲೆ ಒಳಗಿನಿಂದ ಷಡ್ಜ ಕೇಳಿಬಂತು. ಅಂಗಳದಲ್ಲಿ ಎಷ್ಟೋ ಹೊಸ ಕಾರುಗಳಿದ್ದವು. ಆ ನಾದವನ್ನು ಹೊತ್ತು ತಂದವನು ನಾನು.

ಈಗ ಕಾರು ಹೊರಡುವುದು ಅಪರೂಪ. ನನ್ನ ಬಾಗು ಇಳಿದಿದೆ. ಮೊನ್ನೆ ಶಿಷ್ಯೆಯೊಬ್ಬಳು, ಕಾರಿನ ಹಿಂಭಾಗ ಕುಸಿದಿದೆ, ಹೊಸ ಸ್ಪ್ರಿಂಗ್ ಹಾಕಿಸಬಾರದೇ ಎಂದು ಕೇಳಿದಳು.

“ಇರಲಿ ಬಿಡವಾ,” ಎಂದರು ಮಂದಾಕಿನಿ. “ಅದು ಬಗ್ಗಿದ್ದಕ್ಕ ತಂಬೂರಿ ಒಡೀಲಿಲ್ಲ.”

ಮನೆಯೊಳಗೆ ತಂಬೂರಿ ಮಿಡಿದಾಗ, ಮೇಲೆ ಯಾವ ಭಾರವಿಲ್ಲದಿದ್ದರೂ, ನಾನು ಒಂದಿಷ್ಟು ಬಾಗುತ್ತೇನೆ. ಕಸುಬಿನ ಅಭ್ಯಾಸ.