ಬಲ್ಲವರನ್ನು ಹೊರಗೆ ಕಳಿಸುವ ಪರೀಕ್ಷೆ

ಹಳೇ ಹುಬ್ಬಳ್ಳಿಯ ಆ ಮನೆಯಲ್ಲಿ, ಸಂಜೆಯ ಪೂಜೆ ಮುಗಿಸಿ ನೀಲಕಂಠಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತರೆಂದರೆ, ಯಾರಾದರೊಬ್ಬರು ಅವರಿಗೆ ಏನಾದರೂ ಓದಿ ಹೇಳಲೇಬೇಕು. ಹತ್ತಿ ವ್ಯಾಪಾರವನ್ನು ಕಿರಿಮಗ ಶಿವಯೋಗೀಶನಿಗೆ ಒಪ್ಪಿಸಿದ ಮೇಲೆ ಕೇಳುವುದೊಂದೇ ಅವರ ಉದ್ಯೋಗ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿದಾಗ, ಶಾಸ್ತ್ರಿಗಳು ಬಾಯಿ ತೆರೆಯುವ ಮೊದಲೇ ಮುಂದಿನ ಪದ್ಯ ಇವರ ತುಟಿಯ ಮೇಲಿರುತ್ತದೆ. ಅದಕ್ಕೇ ಅಲ್ಲಿ ಇವರಿಗೆ ಮುಂದಿನ ಸಾಲು. ಬಲ್ಲವರು ಮುಂದೆ, ಉಳಿದವರು ಹಿಂದೆ. ಮುಂದೆ ಕೂತೇ ತೂಕಡಿಸುತ್ತಾರೆಂದು ಹೆಂಡತಿ ಸಂಗವ್ವನ ದೂರು. ಹೆಂಗಸರ ಕಡೆಯಿಂದ ಅಷ್ಟು ದೂರ ಕಣ್ಣು ಕಾಣುವುದಿಲ್ಲ, ಈ ಸಾಕ್ಷಿ ನಡೆಯುವುದಿಲ್ಲ ಎಂದು ನೀಲಕಂಠಪ್ಪನವರ ವಾದ.

ಈ ಕಾರ್ತಿಕದಲ್ಲಿ ಓದುವ ಸರದಿ ಮೊಮ್ಮಗಳು ಸೌಮ್ಯಾಳದು. ಅವಳು ಕಾಮರ್ಸ್ ಪಿಯುಸಿ ಎರಡನೆಯ ವರ್ಷ. ಮುಂದೆ ಪುಣೆಯ ಒಂದು ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂದು ಅವಳ ಹಟ. ಅಮೆರಿಕದ ಮಂಡಳಿಯೊಂದು ನಡೆಸುವ ಎ.ಪಿ. ಪರೀಕ್ಷೆಗಳನ್ನು ಮನೆಯಲ್ಲೇ ಓದಿಕೊಂಡು ಬರೆದು ಒಳ್ಳೆಯ ಅಂಕ ತೆಗೆದರೆ, ಪುಣೆಯವರು ಅದನ್ನು ಡಿಗ್ರಿಯ ಲೆಕ್ಕಕ್ಕೆ ಹಿಡಿಯುತ್ತಾರೆ. ಅದಕ್ಕೆ ಕ್ರೆಡಿಟ್ ಅಂತ ಹೆಸರು. ಮಾರ್ಚಿನಲ್ಲಿ ಪಿಯುಸಿ, ಮೇ ತಿಂಗಳಲ್ಲಿ ಇದು. ಎರಡಕ್ಕಿಂತ ಹೆಚ್ಚು ವಿಷಯ ಮೈಮೇಲೆ ಹಾಕಿಕೊಳ್ಳುವಂತಿಲ್ಲ. ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ಮನೋವಿಜ್ಞಾನ, ಈ ಮೂರರಲ್ಲಿ ಯಾವೆರಡು ಎಂಬುದನ್ನು ಇಂದೇ ಹೇಳಬೇಕು. ನಾಳೆಯಿಂದ ಪರೀಕ್ಷೆಗೆ ಹೆಸರು ಬರೆದುಕೊಳ್ಳುವುದಿಲ್ಲ.

ಅವಳ ಜೀವವೆಲ್ಲ ಮನೋವಿಜ್ಞಾನದಲ್ಲಿ. ಆ ಪುಸ್ತಕ ತಂದಾಗಿನಿಂದ ಮನೆಯವರ ಮೇಲೆಯೇ ಪ್ರಯೋಗ ನಡೆದಿತ್ತು. ಒಮ್ಮೆ ಸೂಜಿ, ಮಳೆ, ಎಮ್ಮೆ, ಗಡಿಯಾರ ಎಂದು ಉದ್ದಕ್ಕೆ ಪದಗಳನ್ನು ಓದಿ, ಸ್ವಲ್ಪ ಹೊತ್ತು ಬಿಟ್ಟು ಸಂಗವ್ವನನ್ನು ಕೇಳಿದಳು. ಅಜ್ಜಿ ಅವನ್ನೆಲ್ಲ ಬೀಸುವ ಪದದ ಧಾಟಿಗೆ ಹಾಕಿಕೊಂಡು ಒಂದೂ ಬಿಡದೆ ಒಪ್ಪಿಸಿದಳು.

"ಆಯಿ, ಇಷ್ಟು ನೆನಪ ಉಳಿಯಂಗಿಲ್ಲ ಅಂತ ಪುಸ್ತಕದಾಗ ಐತಿ."

"ಹಂಗಾರ ಪುಸ್ತಕ ತಿದ್ದು," ಎಂದು ಸಂಗವ್ವ ಮೆಂತ್ಯೆ ಸೋಸತೊಡಗಿದಳು.

ಪುಣೆಯ ಹಟವೂ ಅದರಿಂದಲೇ ಹುಟ್ಟಿದ್ದು. ಅಲ್ಲಿನ ಪ್ರಾಧ್ಯಾಪಕಿಯೊಬ್ಬರು ಮೊದಲ ವರ್ಷದವರಿಗೆ ಪಾಠ ಮಾಡುವ ವಿಡಿಯೋ ಅವಳಿಗೆ ಸಿಕ್ಕಿತ್ತು. ಪಾಠದ ನಡುವೆ ಯಾರೋ ಒಳನುಗ್ಗಿ ಅವರ ಚೀಲ ಎತ್ತಿಕೊಂಡು ಓಡುತ್ತಾನೆ. ಕಳ್ಳ ಹೇಗಿದ್ದ ಎಂದು ಕೇಳಿದರೆ ಒಬ್ಬೊಬ್ಬ ವಿದ್ಯಾರ್ಥಿಯೂ ಅವನಿಗೆ ಒಂದೊಂದು ಬಣ್ಣದ ಅಂಗಿ ತೊಡಿಸುತ್ತಾನೆ. ಕಣ್ಣಾರೆ ಕಂಡದ್ದೂ ನೆನಪಿನಲ್ಲಿ ಬದಲಾಗುತ್ತದೆಂದು ತೋರಿಸಲು ಪ್ರಾಧ್ಯಾಪಕಿಯೇ ಹೂಡಿದ ಆಟ ಅದು. ನೀಲಕಂಠಪ್ಪ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದ್ದರು. ಆ ಕೋಣೆಯಲ್ಲಿ ತಾನೂ ಕೂತು ಕಳ್ಳನಿಗೊಂದು ತಪ್ಪು ಅಂಗಿ ತೊಡಿಸಬೇಕು ಎಂಬುದಷ್ಟೇ ಸೌಮ್ಯಾಳ ಆಸೆ.

ಅಂಗಡಿಯಿಂದ ಬಂದ ಶಿವಯೋಗೀಶ ಕಾಕಾ ತನ್ನ ತೀರ್ಪು ಮೊದಲೇ ತಂದಿದ್ದ. "ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ ಎರಡೂ ನಿನ್ನ ಪಿಯುಸಿಯಾಗ ಅದಾವು. ಒಮ್ಮಿ ಓದು, ಎರಡ ಕಡೆ ಬರಿ. ನಮ್ಮಪ್ಪನ ಮಾತ ಕೇಳಬ್ಯಾಡ, ಅವ್ರಿಗೆ ಆ ಕಳ್ಳನ ಮ್ಯಾಲ ಮನಸೈತಿ."

"ಇರ್ಲಿ," ಎಂದರು ನೀಲಕಂಠಪ್ಪ. "ಮನಸಿದ್ದದ್ದನ್ನ ಮೊದಲು ಬರೀಲಿ ನನ್ನ ಕೂಸು."

ಸೌಮ್ಯಾ ಅಜ್ಜನ ಪಕ್ಷ. ಫೋನಿನಲ್ಲಿ ಮನೋವಿಜ್ಞಾನಕ್ಕೆ ಗುರುತು ಹಾಕಿದಳು. ಎರಡನೆಯದಕ್ಕೆ ಬೆರಳು ಓಲಾಡುತ್ತಿರುವಾಗ ಅಜ್ಜನ ಮುಖ ನೋಡಿ ನಗು ಬಂತು.

"ಅಜ್ಜಾ, ನನಗಿಂತ ನಿಮಗs ಅವಸರ ಆಗೇತಲ್ಲ."

"ಆಗದs? ಪರೀಕ್ಷಾ ಮೊದಲs ಪಾಸಾಗಿ ಹೋದಾಕಿನ್ನ ಆ ಪ್ರೊಫೆಸರ್ ಬಾಯಾರು ಎಲ್ಲಿ ಕುಂದರಸ್ತಾರ? ಎಲ್ಲಾರಕಿಂತ ಮುಂದ."

ಕಾಕಾ ಚಹಾದ ಕಪ್ಪು ಕೆಳಗಿಟ್ಟ. ಸೌಮ್ಯಾ ನಗು ತಡೆದುಕೊಂಡು ಹೇಳಿದಳು. "ಕ್ರೆಡಿಟ್ ಅಂದ್ರ ಮುಂದ ಕುಂದರಸೂದಲ್ರಿ ಅಜ್ಜಾ. ನಿನಗ ಇದು ಬರ್ತೈತಿ, ಈ ಕ್ಲಾಸಿಗೆ ನೀ ಬರೂದು ಬ್ಯಾಡ ಅಂತ ಬಿಟ್ಟಬಿಡ್ತಾರ."

ನೀಲಕಂಠಪ್ಪ ಕಂಬ ಬಿಟ್ಟು ನೆಟ್ಟಗೆ ಕುಳಿತರು. "ದಾಂಧಲೆ ಮಾಡಿದವ್ರನ್ನ ಹೊರಗ ಹಾಕೂದು ಕೇಳೇನಿ. ಛಲೋ ಓದಿದವ್ರನ್ನೂ ಹಾಕ್ತಾರೇನು?"

"ಬಂದದ್ದನ್ನ ಮತ್ಯಾಕ ಕುಂತು ಕೇಳಬೇಕಪ್ಪಾ?" ಎಂದ ಕಾಕಾ. ಯಾರಿಗೆ ಹೇಳುತ್ತಿದ್ದೇನೆಂದು ಹೊಳೆದಾಗ ಮಾತು ಬಾಯಿ ದಾಟಿಯಾಗಿತ್ತು. ಒಳಗಿನಿಂದ ಸಂಗವ್ವ, "ಕೇಳು, ಕೇಳು, ನಿಮ್ಮಪ್ಪನ್ನs ಕೇಳು," ಎಂದಳು.

ನೀಲಕಂಠಪ್ಪ ಮಗನ ಕಡೆ ನೋಡಲಿಲ್ಲ. ಅವರ ಸಂಕಟವೇ ಬೇರೆ. "ಅಲ್ಲs ಸೌಮ್ಯಾ, ಆ ಚೀಲಾ ಕದಿಯೂ ಕ್ಲಾಸಿಗೂ ನಿನ್ನ ಒಳಗ ಬಿಡಂಗಿಲ್ಲೇನು?"

ಸೌಮ್ಯಾ ಮತ್ತೆ ಫೋನಿನತ್ತ ತಿರುಗಿದಳು. ವಿಶ್ವವಿದ್ಯಾಲಯದ ಪುಟ ತೆಗೆದು ನೋಡಿದಳು. ಮನೋವಿಜ್ಞಾನದಲ್ಲಿ ಅಂಕ ಬಂದವರಿಗೆ ಮೊದಲ ವರ್ಷದ ಪ್ರವೇಶಿಕೆ ಪಾಠ ಮಾಫಿ. ಆ ಸಾಲನ್ನು ಎಷ್ಟೋ ಸಲ ಓದಿ, ಪ್ರತಿಸಲವೂ ಲಾಭವೆಂದೇ ಹಿಗ್ಗಿದ್ದಳು. ಮಾಫಿಯಾಗುತ್ತಿದ್ದದ್ದು ಆ ಕೋಣೆ, ಆ ಪ್ರಾಧ್ಯಾಪಕಿ, ಆ ಕಳ್ಳ. ಯಾವುದಕ್ಕಾಗಿ ಪುಣೆಗೆ ಹೊರಟಿದ್ದಳೋ ಅದನ್ನೇ ಆರು ತಿಂಗಳು ಕಷ್ಟಪಟ್ಟು ಓದಿ ತಪ್ಪಿಸಿಕೊಳ್ಳಲು ಹೊರಟಿದ್ದಳು.

ಮನೋವಿಜ್ಞಾನದ ಗುರುತು ಅಳಿಸಿದಳು. ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ ಒತ್ತಿ, ಕಳಿಸಿಯೂ ಬಿಟ್ಟಳು.

"ನಾ ಹೇಳಿದ್ದು ಇದನ್ನs ಅಲ್ಲೇನು?" ಎಂದ ಕಾಕಾ.

"ನೀ ಹೇಳಿದ್ದಕ್ಕ ಅಲ್ಲ, ನಾ ಕೇಳಿದ್ದಕ್ಕ," ಎಂದರು ನೀಲಕಂಠಪ್ಪ. ಇಬ್ಬರಿಗೂ ಗೆದ್ದ ಸಮಾಧಾನ.

"ಗೆದ್ದವ್ರು ಅರಾಮ ಕುಂತ್ರಿ," ಎಂದು ಸಂಗವ್ವ ಹೊರಗೆ ಬಂದಳು. "ಬ್ಯಾಸರದ ಪುಸ್ತಕ ಎರಡೂ ಆ ಕೂಸಿನ ಪಾಲಿಗೆ ಬಂದಾವಲ್ಲ."

ಸೌಮ್ಯಾ ನಿಟ್ಟುಸಿರಿಟ್ಟು ಸಂಖ್ಯಾಶಾಸ್ತ್ರದ ಮೊದಲ ಪುಟ ತೆರೆದಳು. ಒಂದೊಂದೇ ವಾಕ್ಯ ಓದಿ ಕನ್ನಡದಲ್ಲಿ ಹೇಳತೊಡಗಿದಳು. ಸರಾಸರಿ ಎಂದರೇನು, ಸರಾಸರಿಯಿಂದ ಎಷ್ಟು ದೂರ, ಆ ದೂರಗಳ ವರ್ಗ, ಆ ವರ್ಗಗಳ ಸರಾಸರಿ. ಅಜ್ಜ ಕಣ್ಣು ಮುಚ್ಚಿ ಭಕ್ತಿಯಿಂದಲೇ ಕೇಳಿದರು. ಪುಟ ಅರ್ಧಕ್ಕೆ ಬಂದಾಗ ಒಂದು ಕಣ್ಣು ತೆರೆದು, ತಗ್ಗಿದ ದನಿಯಲ್ಲಿ ಹೇಳಿದರು.

"ಇದಕ್ಕ ಭಾಳ ಛಲೋ ಮಾರ್ಕ್ಸ್ ತಗೋ ತಂಗಿ. ಈ ಕ್ಲಾಸಿನ್ಯಾಗ ನಿನ್ನ ಕುಂದರಸಬಾರದು."